ಒಂಬತ್ತು ಲಕ್ಷದೊಳಗೆ ಮೊದಲ ಕಾರು: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಪ್ರಶ್ನೆ: ನಾನು ತಿಪಟೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಮನೆಯಲ್ಲಿ ಐದು ಜನ: ನಾವಿಬ್ಬರು, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು, ನಮ್ಮಮ್ಮ. ಅಮ್ಮನಿಗೆ ಮಂಡಿ ನೋವು. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿ ಬರಬೇಕು. ಉಳಿದಂತೆ ಊರೊಳಗಿನ ಓಡಾಟ, ಒಟ್ಟು ತಿಂಗಳಿಗೆ ಸುಮಾರು 800 ಕಿ.ಮೀ. ಕಾರು ಮನೆಗೆ ಬರುವಷ್ಟರಲ್ಲಿ 9 ಲಕ್ಷ ದಾಟಬಾರದು. 3 ಲಕ್ಷ ಕೈಯಲ್ಲಿದೆ, ಉಳಿದದ್ದು ಸಾಲ. ಶೋರೂಮಿನವರು ಟಾಪ್ ಮಾಡೆಲ್ ತಗೊಳ್ಳಿ ಅನ್ನುತ್ತಾರೆ. ತಮ್ಮ ಸಿಎನ್‌ಜಿ ತಗೋ ಅನ್ನುತ್ತಾನೆ. ಹೆಂಡತಿಗೆ ಆಟೋಮ್ಯಾಟಿಕ್ ಬೇಕು. ಕೊಟ್ಟ ದುಡ್ಡಿಗೆ ಸರಿಯಾದ ಕಾರು ಯಾವುದು?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಮಾತು. "ಕಾರು ಮನೆಗೆ ಬರುವಷ್ಟರಲ್ಲಿ 9 ಲಕ್ಷ" ಎಂದಿದ್ದೀರಿ. ಬಹಳ ಜನ ಜಾಹೀರಾತಿನ ಬೆಲೆ ಹಿಡಿದುಕೊಂಡು ಶೋರೂಮಿಗೆ ಹೋಗುತ್ತಾರೆ. ಕೊಟೇಶನ್ ಕೈಗೆ ಬಂದಾಗ ಗಾಬರಿಯಾಗುತ್ತಾರೆ. ನೀವು ಸರಿಯಾದ ತುದಿಯಿಂದಲೇ ಶುರು ಮಾಡಿದ್ದೀರಿ. ಹಾಗಾಗಿ ಮೊದಲು ಆ ಲೆಕ್ಕವನ್ನೇ ಪೂರ್ತಿ ಮಾಡೋಣ.

ಕರ್ನಾಟಕದಲ್ಲಿ ಕಾರಿನ ಲೈಫ್‌ಟೈಮ್ ಟ್ಯಾಕ್ಸ್ ಬೇರೆ ಹಲವು ರಾಜ್ಯಗಳಿಗಿಂತ ಜಾಸ್ತಿ. 5ರಿಂದ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 14. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಎರಡೂ ಸೇರಿ ಕಾರಿನ ಬೆಲೆಯ ಶೇ 15.54 ಆಗುತ್ತದೆ. ಇದು ಎಕ್ಸ್ ಶೋರೂಮ್ ಬೆಲೆಯ ಮೇಲೆ ಬೀಳುವ ತೆರಿಗೆ, ಅಂದರೆ ಜಿಎಸ್‌ಟಿ ಸೇರಿದ ಬೆಲೆಯ ಮೇಲೆ. ಎಕ್ಸ್ ಶೋರೂಮ್ 7 ಲಕ್ಷ 20 ಸಾವಿರದ ಕಾರು ಇಟ್ಟುಕೊಳ್ಳಿ. ರೋಡ್ ಟ್ಯಾಕ್ಸೇ 1 ಲಕ್ಷ 12 ಸಾವಿರ. ಇನ್ಶೂರೆನ್ಸ್ ಸುಮಾರು 40 ಸಾವಿರ. ರಿಜಿಸ್ಟ್ರೇಶನ್, ಫಾಸ್ಟ್ಯಾಗ್, ಸಾಲದ ನಮೂದು ಅಂತ ಇನ್ನೊಂದಿಷ್ಟು. ಒಟ್ಟು ಎಂಟೂಮುಕ್ಕಾಲು ಲಕ್ಷ. ಅಂದರೆ ಶೋರೂಮಿನಲ್ಲಿ ನೀವು ನೋಡಬೇಕಾದ ಬೆಲೆ 7.2, ಹೆಚ್ಚೆಂದರೆ 7.3 ಲಕ್ಷ. ಅದಕ್ಕಿಂತ ಮೇಲಿನದನ್ನು ಸುಮ್ನೆ ನೋಡಲೂ ಹೋಗಬೇಡಿ. ನೋಡಿದರೆ ಮನಸ್ಸು ಅಲ್ಲೇ ನಿಲ್ಲುತ್ತದೆ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. ನಿಮಗೆ ಬೇಡದಿದ್ದರೂ ನಿಮ್ಮ ಸಹೋದ್ಯೋಗಿಗಳಿಗೆ ಬೇಕಾಗಬಹುದು. 10 ಲಕ್ಷ ದಾಟಿದ ತಕ್ಷಣ ರೋಡ್ ಟ್ಯಾಕ್ಸ್ ಶೇ 14ರಿಂದ 17ಕ್ಕೆ ಏರುತ್ತದೆ. ಮೇಲಿನ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ. 9 ಲಕ್ಷ 90 ಸಾವಿರದ ಕಾರಿಗೂ 10 ಲಕ್ಷ 10 ಸಾವಿರದ ಕಾರಿಗೂ ಬೆಲೆಯಲ್ಲಿ 20 ಸಾವಿರ ವ್ಯತ್ಯಾಸ. ತೆರಿಗೆಯಲ್ಲಿ 36 ಸಾವಿರಕ್ಕೂ ಹೆಚ್ಚು ವ್ಯತ್ಯಾಸ! ಸಾಲದ್ದಕ್ಕೆ 10 ಲಕ್ಷ ದಾಟಿದರೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ ಕೂಡ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ಲೆಕ್ಕದಲ್ಲಿ ವಾಪಸ್ ಪಡೆಯಬಹುದು, ಆದರೆ ಆ ಹೊತ್ತಿಗೆ ಕೈಯಿಂದ ಹೋಗೋದಂತೂ ನಿಜ.

ಒಳ್ಳೆಯ ಸುದ್ದಿಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಮೊದಲು ಪೆಟ್ರೋಲ್ ಕಾರಿಗೆ ಶೇ 28, ಜೊತೆಗೆ ಶೇ 1 ಸೆಸ್ ಇತ್ತು. ಚಿಕ್ಕ ಕಾರು ಅಂದರೆ ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ. ಮಾರುತಿ ಡಿಸೈರ್‌ನ ಬಾಲ ಯಾಕೆ ಕತ್ತರಿಸಿದ ಹಾಗಿದೆ ಅಂತ ಎಂದಾದರೂ ಅನ್ನಿಸಿದೆಯಾ? ಅದರ ಉದ್ದ 3,995 ಮಿ.ಮೀ. ಈ ತೆರಿಗೆಯ ಗೆರೆಯೊಳಗೆ ನಿಲ್ಲಿಸಲೆಂದೇ ಹಾಗೆ ಮಾಡಿರುವುದು. ಹಳೆಯ ದರದಲ್ಲಿ 7 ಲಕ್ಷ ಇದ್ದ ಕಾರು ಈ ಇಳಿಕೆಯಿಂದ ಸುಮಾರು 60 ಸಾವಿರ ಅಗ್ಗವಾಯಿತು. ಬೆಲೆ ಇಳಿದಿದ್ದಕ್ಕೆ ರೋಡ್ ಟ್ಯಾಕ್ಸ್ ಕೂಡ ಒಂಬತ್ತು ಸಾವಿರದಷ್ಟು ಇಳಿಯಿತು. ನಿಮ್ಮಂಥ ಮನೆಗೆ ಇದು ಸಣ್ಣ ಮೊತ್ತ ಅಲ್ಲ.

ಇನ್ನು ಟಾಪ್ ಮಾಡೆಲ್ ವಿಚಾರ. ನಾನು ಇಪ್ಪತ್ತು ವರ್ಷ ಸರ್ವೀಸ್ ಸೆಂಟರಿನಲ್ಲಿ ಕೆಲಸ ಮಾಡಿದವನು. ಐದಾರು ವರ್ಷ ಹಳೆಯದಾದ ಕಾರುಗಳು, ಅವುಗಳನ್ನು ಕೊಂಡವರು, ಅವರ ಸಂತೋಷ, ಅವರ ಬೇಸರ, ಎಲ್ಲ ಹತ್ತಿರದಿಂದ ನೋಡಿದ್ದೇನೆ. ನನಗೆ ಗೊತ್ತಾಗಿದ್ದು ಇಷ್ಟು. ಮುಂದೆ ಹಾಕಿಸಿಕೊಳ್ಳಲು ಆಗದೇ ಇರುವುದಕ್ಕೆ ಈಗಲೇ ದುಡ್ಡು ಕೊಡಬೇಕು. ಮುಂದೆ ಯಾವಾಗ ಬೇಕಾದರೂ ಹಾಕಿಸಿಕೊಳ್ಳಬಹುದಾದ್ದಕ್ಕೆ ಈಗ ಕೊಡಬಾರದು. ಗಟ್ಟಿ ಬಾಡಿ, ಏರ್‌ಬ್ಯಾಗ್, ಕಾರು ಜಾರದಂತೆ ಹಿಡಿಯುವ ಇಎಸ್‌ಸಿ, ಸೀಟಿನ ಎತ್ತರ, ಹಿಂದಿನ ಜಾಗ, ಡಿಕ್ಕಿಯ ಅಳತೆ, ಗೇರ್‌ಬಾಕ್ಸ್ ಇವ್ಯಾವುದನ್ನೂ ಆಮೇಲೆ ಬದಲಾಯಿಸಲು ಆಗುವುದಿಲ್ಲ. ಅಲಾಯ್ ವೀಲ್, ದೊಡ್ಡ ಸ್ಕ್ರೀನು, ರಿವರ್ಸ್ ಕ್ಯಾಮೆರಾ, ಒಳ್ಳೆಯ ಸ್ಪೀಕರ್ ಇವನ್ನೆಲ್ಲ ಹೊರಗೆ ಹಾಕಿಸಿಕೊಳ್ಳಬಹುದು. ಮಧ್ಯದ ಮಾಡೆಲ್ಲಿಗೂ ಟಾಪ್ ಮಾಡೆಲ್ಲಿಗೂ ಒಂದೂವರೆ ಲಕ್ಷ ವ್ಯತ್ಯಾಸ ಇದ್ದರೆ, ಅದರ ಮೇಲಿನ ರೋಡ್ ಟ್ಯಾಕ್ಸೂ ಸೇರಿ 1 ಲಕ್ಷ 73 ಸಾವಿರ ಆಗುತ್ತದೆ. ಅಷ್ಟಕ್ಕೆ ಸಿಗುವುದರಲ್ಲಿ ಹೆಚ್ಚಿನದು ಮೊದಲ ಆರು ತಿಂಗಳ ಖುಷಿ.

ಹಾಗಂತ ತೀರಾ ಬೇಸ್ ಮಾಡೆಲ್ಲಿಗೂ ಹೋಗಬೇಡಿ. ಅಲ್ಲಿ ಕನ್ನಡಿ ಕೈಯಲ್ಲಿ ತಿರುಗಿಸಬೇಕು, ಹಿಂದಿನ ಗಾಜಿಗೆ ಪವರ್ ಇರುವುದಿಲ್ಲ, ಇಂಥ ಕೊರತೆ ಕಾಣಬಹುದು. ಅವೆಲ್ಲ ದಿನಾ ಕೈಗೆ ಸಿಗುವ ವಸ್ತು. ಬೇಸ್‌ಗಿಂತ ಒಂದು ಮೆಟ್ಟಿಲು ಮೇಲಿನದು, ಮಾರುತಿಯಲ್ಲಾದರೆ ವಿಎಕ್ಸ್‌ಐ ಎನ್ನುವ ಮಾಡೆಲ್, ಸಾಮಾನ್ಯವಾಗಿ ಕೊಟ್ಟ ದುಡ್ಡಿಗೆ ಸರಿಯಾಗಿರುತ್ತದೆ.

ಈಗ ಸುರಕ್ಷತೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ತಿಂಗಳಿಗೆ ಎರಡು ಸಲ ನೀವು ಐವರೂ ಹೈವೇಗೆ ಇಳಿಯುವವರು. ತಿಪಟೂರಿನಿಂದ ಗುಬ್ಬಿ, ತುಮಕೂರು ದಾಟಿ ಬೆಂಗಳೂರಿಗೆ. ಲಾರಿ, ಬಸ್ಸು, ರಾಂಗ್ ಸೈಡಲ್ಲಿ ಬರುವ ಬೈಕು, ಕತ್ತಲಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಎಲ್ಲ ಇರುವ ದಾರಿ. "ನಾನು ಸ್ಪೀಡಾಗಿ ಓಡಿಸಲ್ಲ ಸಾರ್" ಎಂದು ಎಷ್ಟೋ ಜನ ನನಗೆ ಹೇಳಿದ್ದಾರೆ. ಎದುರಿನವನ ಸ್ಪೀಡು ನಮ್ಮ ಕೈಯಲ್ಲಿ ಇಲ್ಲ ಅಲ್ವಾ?

ಏರ್‌ಬ್ಯಾಗ್ ಎಷ್ಟು ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ಈಗ ಚಿಕ್ಕ ಕಾರುಗಳಲ್ಲೂ ಆರು ಏರ್‌ಬ್ಯಾಗ್ ಬರುತ್ತಿವೆ. ಹ್ಯುಂಡೈ 2023ರಲ್ಲೇ ತನ್ನ ಎಲ್ಲ ಕಾರುಗಳಿಗೆ ಆರು ಏರ್‌ಬ್ಯಾಗ್ ಕೊಟ್ಟಿತು. ಮಾರುತಿ 2025ರಲ್ಲಿ ಆಲ್ಟೋ ಕೆ10, ವ್ಯಾಗನ್ ಆರ್‌ಗೂ ಕೊಟ್ಟಿತು. ಇದು ನಿಜಕ್ಕೂ ಒಳ್ಳೆಯ ಬೆಳವಣಿಗೆ. ಆದರೆ ಏರ್‌ಬ್ಯಾಗ್ ಕೆಲಸ ಮಾಡಬೇಕಾದರೆ ನಾವು ಕೂತ ಜಾಗ ನಜ್ಜುಗುಜ್ಜಾಗದೆ ಉಳಿಯಬೇಕು. ಅದು ಬಾಡಿಯ ಗಟ್ಟಿತನ. ಅದನ್ನು ಬಾಗಿಲು ತಟ್ಟಿ ನೋಡಿ ತಿಳಿಯಲು ಆಗುವುದಿಲ್ಲ. ಬಾಗಿಲಿನ ಹೊರ ತಗಡಿಗೂ ಒಳಗಿನ ಚೌಕಟ್ಟಿಗೂ ಸಂಬಂಧ ಕಡಿಮೆ. ಇದನ್ನು ತಿಳಿಯಲು ಇರುವ ದಾರಿ ಕ್ರ್ಯಾಶ್ ಟೆಸ್ಟ್ ಒಂದೇ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಅದಕ್ಕೂ ಮೊದಲಿನಿಂದ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ಕಾರುಗಳನ್ನು ಪರೀಕ್ಷಿಸುತ್ತಾ ಬಂದಿದೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರಿನ ಮುಂಭಾಗದ ಒಂದು ಪಕ್ಕವನ್ನು ತಡೆಗೋಡೆಗೆ ಗುದ್ದಿಸುತ್ತಾರೆ. ಪಕ್ಕದಿಂದ ಗುದ್ದುವ ಪರೀಕ್ಷೆಯೂ ಇದೆ.

ಒಂದು ಉದಾಹರಣೆ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ವ್ಯಾಗನ್ ಆರ್‌ಗೆ ಐದಕ್ಕೆ ಒಂದೇ ಸ್ಟಾರ್ ಕೊಟ್ಟಿತು. ಬಾಡಿಯೇ ಸ್ಥಿರವಾಗಿಲ್ಲ ಎಂದಿತು. ಅದೇ ಮಾರುತಿಯ ಹೊಸ ಡಿಸೈರ್ 2024ರ ನವೆಂಬರ್‌ನಲ್ಲಿ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್ ತಗೊಂಡಿತು. ಹಿಂದಿನ ಡಿಸೈರ್‌ಗೆ ಎರಡೇ ಸ್ಟಾರ್ ಇತ್ತು. ಒಂದೇ ಕಂಪನಿ, ಒಂದೇ ಶೋರೂಮು, ಇಷ್ಟು ವ್ಯತ್ಯಾಸ. ಟಾಟಾ ಪಂಚ್ 2021ರಲ್ಲೇ ಐದು ಸ್ಟಾರ್ ಪಡೆದಿತ್ತು. ಆದ್ದರಿಂದ "ಆ ಕಂಪನಿ ಗಟ್ಟಿ, ಈ ಕಂಪನಿ ತಗಡು" ಎನ್ನುವ ಮಾತು ಈಗ ನಡೆಯುವುದಿಲ್ಲ. ಕಾರಿನ ಹೆಸರು, ಯಾವ ವರ್ಷದ ಮಾಡೆಲ್ ಎರಡನ್ನೂ ಹಿಡಿದು ನೋಡಬೇಕು.

ಮಕ್ಕಳ ಸೀಟಿನ ವಿಚಾರದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಐದು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡ. ಬ್ರೇಕ್ ಹೊಡೆದಾಗ ಎಂಥ ತಾಯಿಯ ಕೈಯೂ ಮಗುವನ್ನು ಹಿಡಿದು ನಿಲ್ಲಿಸಲಾರದು. ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟನ್ನು ಸಿಕ್ಕಿಸುವ ಐಸೊಫಿಕ್ಸ್ ಕೊಕ್ಕೆ ಇರುತ್ತದೆ. ಮಗುವಿನ ಎತ್ತರ, ತೂಕಕ್ಕೆ ಹೊಂದುವ ಸೀಟು ತಂದು ಹಾಕಿ. ಅಲಾಯ್ ವೀಲ್ ಬಿಟ್ಟ ದುಡ್ಡಲ್ಲೇ ಇದು ಬರುತ್ತದೆ. ಹಿಂದೆ ನಡುವಿನ ಸೀಟಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯಾ ಎಂದು ಕಣ್ಣಾರೆ ನೋಡಿ. ನೀವು ಐದು ಜನ, ನಡುವೆ ಯಾರೋ ಒಬ್ಬರು ಕೂರಲೇಬೇಕು.

ಅಮ್ಮನ ಮಂಡಿ. ಕಾರು ಆರಿಸುವಾಗ ಇದನ್ನು ನೀವು ಚಿಕ್ಕ ವಿಷಯ ಎಂದುಕೊಂಡಿದ್ದರೆ, ಅಲ್ಲ. ನಿಮ್ಮ ಮನೆಯ ಮಟ್ಟಿಗೆ ಇದೇ ತೀರ್ಮಾನ ಮಾಡಬೇಕು. ಮಂಡಿ ನೋವಿನವರಿಗೆ ಕಾರಿನಲ್ಲಿ ಕೂತ ಮೇಲೆ ಅಷ್ಟು ಕಷ್ಟ ಇರುವುದಿಲ್ಲ. ಕಷ್ಟ ಇರುವುದು ಕೂರುವಾಗ, ಏಳುವಾಗ. ಸೀಟು ಸೊಂಟದ ಮಟ್ಟಕ್ಕೆ ಹತ್ತಿರ ಇದ್ದರೆ ಪಕ್ಕಕ್ಕೆ ಜರುಗಿ ಕೂತರಾಯಿತು. ತಗ್ಗಿನಲ್ಲಿದ್ದರೆ ಕೆಳಗೆ ಬೀಳಬೇಕು, ಏಳುವಾಗ ಪೂರ್ತಿ ಭಾರ ಮಂಡಿಯ ಮೇಲೆ. ತೀರಾ ಎತ್ತರದ ಗಾಡಿಯಾದರೆ ಹತ್ತುವುದೇ ಕಷ್ಟ. ಡಿಸೈರ್, ಹೋಂಡಾ ಅಮೇಜ್‌ನಂಥ ಸೆಡಾನ್‌ಗಳಲ್ಲಿ ಸೀಟು ತಗ್ಗು. ವ್ಯಾಗನ್ ಆರ್, ಪಂಚ್, ಹ್ಯುಂಡೈ ಎಕ್ಸ್‌ಟರ್ ಇವುಗಳಲ್ಲಿ ಎತ್ತರ. ಪಂಚ್‌ನ ಬಾಗಿಲು ಪೂರ್ತಿ 90 ಡಿಗ್ರಿ ತೆರೆದುಕೊಳ್ಳುತ್ತದೆ. ವಯಸ್ಸಾದವರಿಗೆ ಅದು ಎಷ್ಟು ಉಪಕಾರ ಎಂದು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಅಮ್ಮನನ್ನು ಶೋರೂಮಿಗೆ ಕರೆದುಕೊಂಡು ಹೋಗಿ. ಸೀರೆ ಉಟ್ಟುಕೊಂಡೇ ಬರಲಿ, ದಿನಾ ಉಡುವ ಹಾಗೆ. ಪ್ರತಿ ಕಾರಿನಲ್ಲೂ ಮುಂದೆ, ಹಿಂದೆ ಎರಡೂ ಕಡೆ ಮೂರು ಮೂರು ಸಲ ಕೂತು ಏಳಲಿ. ಮೊದಲ ಸಲ ಯಾರಾದರೂ ಸಂಭಾಳಿಸಿಬಿಡುತ್ತಾರೆ. ಮೂರನೇ ಸಲಕ್ಕೆ ನಿಜ ಗೊತ್ತಾಗುತ್ತದೆ. ಬಾಗಿಲ ಮೇಲಿನ ಹಿಡಿ ಅವರ ಕೈಗೆ ಎಟುಕುತ್ತದಾ, ಕಾಲು ಒಳಗೆ ಎಳೆದುಕೊಳ್ಳುವಾಗ ಹೊಸ್ತಿಲಿಗೆ ತಾಗುತ್ತದಾ ನೋಡಿ. "ಹೇಗಿದೆಯಮ್ಮಾ" ಎಂದು ಕೇಳಿದರೆ "ಚೆನ್ನಾಗಿದೆ ಬಿಡಪ್ಪ" ಅಂತಾರೆ. ಕೇಳುವುದಕ್ಕಿಂತ ಅವರ ಮುಖ ನೋಡಿ.

ಡಿಕ್ಕಿಗೆ ಬರೋಣ. ತಿಪಟೂರಿನವರು ಬೆಂಗಳೂರಿಗೆ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ತೆಂಗಿನಕಾಯಿ ಮೂಟೆ ಇರಲೇಬೇಕು. ಐದು ಜನರ ಬ್ಯಾಗೂ ಇರುತ್ತದೆ. ಸ್ವಿಫ್ಟ್‌ನಲ್ಲಿ 265 ಲೀಟರ್ ಜಾಗ, ವ್ಯಾಗನ್ ಆರ್‌ನಲ್ಲಿ 341, ಪಂಚ್‌ನಲ್ಲಿ 366, ಡಿಸೈರ್‌ನಲ್ಲಿ 382, ಅಮೇಜ್‌ನಲ್ಲಿ 416. ಹೀಗಾಗಿ ಸ್ವಿಫ್ಟ್ ಎಷ್ಟೇ ಚೆನ್ನಾಗಿ ಓಡಿದರೂ ನಿಮಗೆ ಆಗಿ ಬರುವುದಿಲ್ಲ. ಐದು ಜನ, ಮೂಟೆ ಎಲ್ಲ ತುಂಬಿದ ಮೇಲೆ ಕಾರಿನ ಹಿಂಭಾಗ ಕೂತುಬಿಡುತ್ತದೆ. ಆಗ ಹಂಪ್ಸ್ ಮೇಲೆ ಅಡಿ ತಾಗುತ್ತದಾ ಎನ್ನುವುದು ಮುಖ್ಯ. ಡಿಸೈರ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ., ಪಂಚ್‌ನದು 187. ನಮ್ಮೂರ ಕಡೆ ಹಂಪ್ಸ್ ಹಾಕುವುದಕ್ಕೆ ಅಳತೆ ಅಂತ ಯಾರೂ ನೋಡುವುದಿಲ್ಲ, ನಿಮಗೇ ಗೊತ್ತು.

ನಿಮ್ಮ ತಮ್ಮನ ಮಾತು ತಪ್ಪಲ್ಲ, ಆದರೆ ನಿಮ್ಮ ಓಡಾಟಕ್ಕೆ ಅದು ಹೊಂದುವುದಿಲ್ಲ. ಲೆಕ್ಕ ಹಾಕಿ. ವರ್ಷಕ್ಕೆ ನಿಮ್ಮದು ಸುಮಾರು 10 ಸಾವಿರ ಕಿ.ಮೀ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ನಿಜವಾಗಿ ಸಿಗುವ ಮೈಲೇಜ್ 18 ಎಂದಿಟ್ಟುಕೊಳ್ಳಿ. ಕಿ.ಮೀ.ಗೆ 5 ರೂಪಾಯಿ 70 ಪೈಸೆ. ಸಿಎನ್‌ಜಿ ಕೆಜಿಗೆ 90 ರೂಪಾಯಿ, ಕೆಜಿಗೆ 25 ಕಿ.ಮೀ. ಎಂದುಕೊಂಡರೆ 3 ರೂಪಾಯಿ 60 ಪೈಸೆ. ಕಿ.ಮೀ.ಗೆ 2 ರೂಪಾಯಿ 10 ಪೈಸೆ ಉಳಿತಾಯ. ಸಿಎನ್‌ಜಿ ಮಾಡೆಲ್ಲಿಗೆ ಸುಮಾರು 90 ಸಾವಿರ ಹೆಚ್ಚು ಕೊಡಬೇಕು. ಆ 90 ಸಾವಿರಕ್ಕೂ ರೋಡ್ ಟ್ಯಾಕ್ಸ್ ಬೀಳುತ್ತದೆ ಅನ್ನುವುದನ್ನು ಹೆಚ್ಚಿನವರು ಮರೆಯುತ್ತಾರೆ. ಅದು ಸೇರಿ 1 ಲಕ್ಷ 4 ಸಾವಿರ. ಅಷ್ಟು ವಾಪಸ್ ಬರಲು ಸುಮಾರು 50 ಸಾವಿರ ಕಿ.ಮೀ. ಓಡಬೇಕು. ನಿಮಗೆ ಅದು ಐದು ವರ್ಷ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟಿನ ಖರ್ಚು ಬೇರೆ. ಒಂದೇ ದೊಡ್ಡ ಸಿಲಿಂಡರ್ ಇರುವ ಕಾರಿನಲ್ಲಿ ಡಿಕ್ಕಿಯಲ್ಲಿ ಜಾಗವೂ ಹೋಗುತ್ತದೆ. ಟಾಟಾ, ಹ್ಯುಂಡೈಯವರು ಎರಡು ಚಿಕ್ಕ ಸಿಲಿಂಡರ್ ನೆಲದಡಿ ಇಟ್ಟು ಸ್ವಲ್ಪ ಜಾಗ ಉಳಿಸಿದ್ದಾರೆ, ಆದರೂ ತೆಂಗಿನಕಾಯಿ ಮೂಟೆಯ ಜೊತೆ ಬ್ಯಾಗು ಹಿಡಿಸುವಷ್ಟು ಅಲ್ಲ. ದಿನಕ್ಕೆ 60-70 ಕಿ.ಮೀ. ಓಡಿಸುವವರಾಗಿದ್ದರೆ ನಾನೇ ಸಿಎನ್‌ಜಿ ತಗೊಳ್ಳಿ ಎನ್ನುತ್ತಿದ್ದೆ.

ಮೈಲೇಜಿಗೂ ಇದೇ ಮಾತು. ಡಿಸೈರ್ ಮ್ಯಾನ್ಯುಯಲ್‌ಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 24.79 ಕಿ.ಮೀ. ಅದು ಪ್ರಯೋಗಾಲಯದ ಅಂಕಿ. ರಸ್ತೆಯಲ್ಲಿ ಎಸಿ ಹಾಕಿಕೊಂಡು ಓಡಿಸಿದರೆ ಯಾವ ಕಾರೂ ಅಷ್ಟು ಕೊಡುವುದಿಲ್ಲ. ಎರಡು ಕಾರುಗಳ ನಡುವೆ ನಿಜವಾಗಿ 2 ಕಿ.ಮೀ. ವ್ಯತ್ಯಾಸ ಇದ್ದರೂ ನಿಮ್ಮ ಓಡಾಟಕ್ಕೆ ವರ್ಷಕ್ಕೆ ಐದಾರು ಸಾವಿರ ರೂಪಾಯಿ. ಅದಕ್ಕಾಗಿ ಅಮ್ಮನ ಮಂಡಿಯನ್ನೋ ಬಾಡಿಯ ಗಟ್ಟಿತನವನ್ನೋ ಬಿಟ್ಟುಕೊಡಬೇಡಿ. ಮೂರು ಸಿಲಿಂಡರ್, ನಾಲ್ಕು ಸಿಲಿಂಡರ್ ಎಂಬ ಚರ್ಚೆಗೂ ತಲೆ ಕೆಡಿಸಿಕೊಳ್ಳಬೇಡಿ. ಮೂರು ಸಿಲಿಂಡರ್ ನಿಂತಲ್ಲಿ ಸ್ವಲ್ಪ ನಡುಗುತ್ತದೆ, ಅಷ್ಟೇ.

ಆಟೋಮ್ಯಾಟಿಕ್ ಬಗ್ಗೆ ಕೇಳಿದ್ದೀರಿ. ಈ ಬೆಲೆಯಲ್ಲಿ ಹೆಚ್ಚಾಗಿ ಸಿಗುವುದು ಎಎಂಟಿ. ಅದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದನ್ನು, ಗೇರ್ ಹಾಕುವುದನ್ನು ನಮ್ಮ ಬದಲು ಒಂದು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ಸಣ್ಣದಾಗಿ ತಲೆ ತೂಗಿದಂತಾಗುತ್ತದೆ. ಹೈವೇಯಲ್ಲಿ ಓವರ್‌ಟೇಕ್ ಮಾಡುವಾಗ ಅರೆಕ್ಷಣ ತಡ. ಅಮೇಜ್‌ನಲ್ಲಿರುವ ಸಿವಿಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್ ಇದಕ್ಕಿಂತ ನುಣುಪು, ಆದರೆ ಆ ಮಾಡೆಲ್ ನಿಮ್ಮ ಬಜೆಟ್ ದಾಟುತ್ತದೆ. ತಿಪಟೂರಿನ ಓಡಾಟಕ್ಕೆ, ಹೈವೇಗೆ ಮ್ಯಾನ್ಯುಯಲ್ ಸಾಕು. ಆದರೆ ಒಂದು ಮಾತು. ಆಟೋಮ್ಯಾಟಿಕ್ ಇದ್ದರೆ ಮಾತ್ರ ನಿಮ್ಮ ಮನೆಯವರು ಧೈರ್ಯವಾಗಿ ಓಡಿಸುತ್ತಾರೆ ಅಂತಿದ್ದರೆ ಎಎಂಟಿಯನ್ನೇ ತಗೊಳ್ಳಿ. ಅರ್ಧರಾತ್ರಿಯಲ್ಲಿ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಮನೆಯಲ್ಲಿ ಎರಡನೆಯವರೂ ಕಾರು ತೆಗೆಯಬಲ್ಲರು ಎನ್ನುವುದಕ್ಕೆ ಕೊಡುವ 50 ಸಾವಿರ ವ್ಯರ್ಥವಲ್ಲ. ಹಿಲ್ ಹೋಲ್ಡ್ ಇರುವ ಮಾಡೆಲ್ ನೋಡಿ, ದಿಬ್ಬದಲ್ಲಿ ಹಿಂದಕ್ಕೆ ಜಾರುವುದಿಲ್ಲ.

ಹಾಗಾದರೆ ಯಾವ ಕಾರು? ನನ್ನ ಆಯ್ಕೆ ಪಂಚ್‌ನ ಮಧ್ಯದ ಮಾಡೆಲ್, ಪೆಟ್ರೋಲ್. ಸೀಟಿನ ಎತ್ತರ, ಬಾಗಿಲು, ಗ್ರೌಂಡ್ ಕ್ಲಿಯರೆನ್ಸ್, ಬಾಡಿ ಈ ನಾಲ್ಕೂ ನಿಮ್ಮ ಮನೆಗೆ ಹೊಂದುತ್ತವೆ. ನೀವು ಆರಿಸುವ ಮಾಡೆಲ್ಲಿನಲ್ಲಿ ಆರು ಏರ್‌ಬ್ಯಾಗ್ ಇದೆಯೋ ಇಲ್ಲವೋ ಬ್ರೋಷರಿನಲ್ಲಿ ಖಚಿತ ಮಾಡಿಕೊಳ್ಳಿ. ಅದರ ಅಗಲ ಕಡಿಮೆ, ಹಿಂದೆ ಮೂವರು ದೊಡ್ಡವರು ಆರಾಮಾಗಿ ಕೂರಲು ಆಗುವುದಿಲ್ಲ. ಆದರೆ ಅಮ್ಮ ಮುಂದೆ, ಮಕ್ಕಳಿಬ್ಬರು ಮತ್ತು ನಿಮ್ಮ ಮನೆಯವರು ಹಿಂದೆ ಅಂದರೆ ಸಾಕಾಗುತ್ತದೆ. ಮಗುವಿನ ಸೀಟು ಇಟ್ಟ ಮೇಲೂ ಜಾಗ ಸಾಕಾ ಎಂದು ಟೆಸ್ಟ್ ಡ್ರೈವ್‌ನಲ್ಲಿ ಐವರೂ ಕೂತು ನೋಡಿ. ಅಮ್ಮನಿಗೆ ಸೆಡಾನ್ ಸೀಟು ಕಷ್ಟ ಇಲ್ಲ ಅನ್ನಿಸಿದರೆ ಡಿಸೈರ್ ವಿಎಕ್ಸ್‌ಐ. ಎಕ್ಸ್ ಶೋರೂಮ್ ಏಳು ಲಕ್ಷದ ಆಸುಪಾಸು. ಹೈವೇಯಲ್ಲಿ ಅದು ಹೆಚ್ಚು ಸುಖ, ಮಾರುವಾಗ ಬೆಲೆಯೂ ಚೆನ್ನಾಗಿ ಬರುತ್ತದೆ. ವ್ಯಾಗನ್ ಆರ್ ಸೀಟು ಅಮ್ಮನಿಗೆ ಇಷ್ಟವಾಗುತ್ತದೆ, ಬೆಲೆಯೂ ಕಡಿಮೆ. ಊರೊಳಗಿನ ಓಡಾಟ ಮಾತ್ರ ಆಗಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ. ತಿಂಗಳಿಗೆ ಎರಡು ಸಲ ಹೈವೇ ಅಂದಿದ್ದೀರಿ, ಅದಕ್ಕೆ ಬೇಡ.

ಬುಕ್ ಮಾಡುವ ಮೊದಲು ಆ ಕಂಪನಿಯ ಸರ್ವೀಸ್ ಸೆಂಟರ್ ನಿಮಗೆ ಎಷ್ಟು ದೂರ ನೋಡಿ. ತುಮಕೂರಿಗೆ ಹೋಗಿ ಸರ್ವೀಸ್ ಮಾಡಿಸಬೇಕೆಂದರೆ ಪ್ರತಿ ಸಲ ನಿಮ್ಮ ಒಂದು ರಜೆ ಹೋದ ಹಾಗೆ. ಶೋರೂಮಿನ ಮಾತು ಬಿಟ್ಟು, ಸರ್ವೀಸ್‌ಗೆ ಗಾಡಿ ಬಿಡಲು ಬಂದವರನ್ನು ಬೆಳಗ್ಗೆ ಒಂಬತ್ತೂವರೆಗೆ ಅಲ್ಲಿ ಹೋಗಿ ಮಾತಾಡಿಸಿ. ಅರ್ಧ ಗಂಟೆಯಲ್ಲಿ ಎಲ್ಲ ತಿಳಿಯುತ್ತದೆ.

ಸಾಲದ ಬಗ್ಗೆ. 6 ಲಕ್ಷ, ಶೇ 9 ಬಡ್ಡಿ, 5 ವರ್ಷ ಅಂದರೆ ತಿಂಗಳ ಕಂತು 12,455 ರೂಪಾಯಿ, ಒಟ್ಟು ಬಡ್ಡಿ 1 ಲಕ್ಷ 47 ಸಾವಿರ. ಏಳು ವರ್ಷಕ್ಕೆ ಎಳೆದರೆ ಕಂತು 9,653ಕ್ಕೆ ಇಳಿಯುತ್ತದೆ, ಬಡ್ಡಿ 2 ಲಕ್ಷ 11 ಸಾವಿರಕ್ಕೆ ಏರುತ್ತದೆ. ಆಗುವುದಾದರೆ ಐದು ವರ್ಷಕ್ಕೆ ಮುಗಿಸಿ. ಯಾರಾದರೂ "ಬರೀ ಶೇ 6 ಫ್ಲಾಟ್" ಅಂದರೆ ಎಚ್ಚರ. ಫ್ಲಾಟ್ ಅಂದರೆ ನೀವು ತೀರಿಸುತ್ತಾ ಹೋದರೂ ಪೂರ್ತಿ 6 ಲಕ್ಷಕ್ಕೇ ಬಡ್ಡಿ ಹಾಕುತ್ತಾರೆ. ಐದು ವರ್ಷಕ್ಕೆ 1 ಲಕ್ಷ 80 ಸಾವಿರ ಬಡ್ಡಿ. ಶೇ 9ರ ಸಾಲಕ್ಕಿಂತ 33 ಸಾವಿರ ಜಾಸ್ತಿ! ನೀವು ಸಂಬಳ ಪಡೆಯುವ ಬ್ಯಾಂಕಿನಲ್ಲಿ ಮೊದಲು ವಿಚಾರಿಸಿ, ಆಮೇಲೆ ಶೋರೂಮಿನವರ ದರ ಕೇಳಿ. ಸಾಲ ಬೇಗ ತೀರಿಸಿದರೆ ದಂಡ ಇದೆಯಾ ಅಂತಲೂ ಕೇಳಿಕೊಳ್ಳಿ.

ಇನ್ಶೂರೆನ್ಸನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನು ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರಲ್ಲಿ ನಿಗದಿಯಾದ ದರದಂತೆ 1000ದಿಂದ 1500 ಸಿಸಿಯ ಕಾರಿಗೆ ಅದು 10,640 ರೂಪಾಯಿ, ತೆರಿಗೆ ಬೇರೆ. ಇದು ಎಲ್ಲ ಕಂಪನಿಗೂ ಒಂದೇ. ವ್ಯತ್ಯಾಸ ಆಗುವುದು ನಮ್ಮ ಕಾರಿಗೆ ಆಗುವ ಹಾನಿಯ ವಿಮೆಯಲ್ಲಿ. ಆನ್‌ಲೈನ್‌ನಲ್ಲಿ ಎರಡು ಮೂರು ಕಂಪನಿಯ ದರ ತೆಗೆದುಕೊಂಡು ಹೋಗಿ ಮುಂದಿಡಿ, ಶೋರೂಮಿನ ದರ ಅಲ್ಲೇ ಇಳಿಯುತ್ತದೆ. ಝೀರೋ ಡೆಪ್, ಅಂದರೆ ಭಾಗ ಹಳೆಯದಾಯಿತು ಎಂದು ವಿಮೆ ಹಣ ಕಡಿತ ಮಾಡದ ಸೌಲಭ್ಯ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಬಂಪರ್‌ನಂಥ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡು ನಿಮ್ಮ ಕೈಯಿಂದಲೇ ಹೋಗುತ್ತದೆ.

ಕೊಟೇಶನ್‌ನಲ್ಲಿ "ಹ್ಯಾಂಡ್ಲಿಂಗ್ ಚಾರ್ಜ್" ಎಂದಿದ್ದರೆ ತೆಗೆಸಿ. ಅದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ. "ಎಸೆನ್ಷಿಯಲ್ ಕಿಟ್", ಟೆಫ್ಲಾನ್ ಕೋಟಿಂಗ್ ಎಂದು 20-30 ಸಾವಿರ ಸೇರಿಸಿದ್ದರೆ ಅದನ್ನೂ ತೆಗೆಸಿ. ಮ್ಯಾಟು, ಮಡ್ ಫ್ಲ್ಯಾಪು ಸಾಕು. ಸೀಟ್ ಕವರ್ ವಿಚಾರದಲ್ಲಿ ಜಾಗ್ರತೆ. ಆರು ಏರ್‌ಬ್ಯಾಗಿನ ಕಾರಿನಲ್ಲಿ ಎರಡು ಮುಂದಿನ ಸೀಟಿನ ಪಕ್ಕದಿಂದ ಹೊರಬರುತ್ತವೆ. ಗಟ್ಟಿ ಕವರ್ ಹಾಕಿ ಹೊಲಿದುಬಿಟ್ಟರೆ ಅವು ಬಿಚ್ಚಿಕೊಳ್ಳುವುದೇ ಇಲ್ಲ. ಮುಂದೆ ಕಬ್ಬಿಣದ ಬುಲ್ ಬಾರ್ ಬೇಡವೇ ಬೇಡ. ಅದು ನಿಷೇಧವೂ ಹೌದು, ಏರ್‌ಬ್ಯಾಗ್ ಕೆಲಸಕ್ಕೆ ಅಡ್ಡಿಯೂ ಹೌದು.

ಯಾವಾಗ ಕೊಳ್ಳಬೇಕು? ನಮ್ಮ ಕಡೆ ಆಷಾಢದಲ್ಲಿ ಯಾರೂ ಗಾಡಿ ತಗೊಳ್ಳುವುದಿಲ್ಲ. ಶೋರೂಮು ಖಾಲಿ ಹೊಡೆಯುತ್ತದೆ, ರಿಯಾಯಿತಿಗೆ ಬಾಯಿ ಬಿಡುತ್ತಾರೆ. ಮನೆಯಲ್ಲಿ ಅಮ್ಮ ಒಪ್ಪದಿದ್ದರೆ ಆಷಾಢದಲ್ಲಿ ಬೆಲೆ ಮಾತಾಡಿ ಬುಕ್ ಮಾಡಿ, ಡೆಲಿವರಿ ಶ್ರಾವಣದಲ್ಲಿ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲೂ ಚೆನ್ನಾಗಿ ಇಳಿಸುತ್ತಾರೆ. ಹೊಸ ವರ್ಷ ಬಂದರೆ ಕಾರು ಕಾಗದದಲ್ಲಿ ಒಂದು ವರ್ಷ ಹಳೆಯದಾಗುತ್ತದೆ ಎಂಬ ಕಾರಣಕ್ಕೆ. ಎರಡು ಮೂರು ವರ್ಷಕ್ಕೆ ಮಾರುವವರಿಗೆ ಅದು ನಷ್ಟ. ಹತ್ತು ವರ್ಷ ಇಟ್ಟುಕೊಳ್ಳುವ ನಿಮಗೆ ಲಾಭ. ಆಯುಧಪೂಜೆಯ ದಿನ ಮಾತ್ರ ಡೆಲಿವರಿ ಬೇಡ. ಒಂದೇ ದಿನ ಹತ್ತಾರು ಕಾರು ಹೊರಗೆ ಬಿಡುತ್ತಾರೆ, ನಿಮ್ಮ ಕಾರನ್ನು ನೀವು ಸರಿಯಾಗಿ ನೋಡಲೂ ಪುರಸೊತ್ತು ಇರುವುದಿಲ್ಲ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮೊದಲ ಹೊಸ ಕಾರು ತಗೊಂಡಿದ್ದು ಯುಗಾದಿಯ ದಿನ. ಹಾರ ಹಾಕಿ, ನಿಂಬೆಹಣ್ಣು ಹತ್ತಿಸಿ ಮನೆಗೆ ತಂದೆ. ತಿಂಗಳ ಮೇಲೆ ಆರ್‌ಸಿ ಬಂತು. ನೋಡಿದರೆ ಕಾರು ತಯಾರಾಗಿ ಎಂಟು ತಿಂಗಳಾಗಿತ್ತು! ಯಾರ್ಡಿನಲ್ಲಿ ಬಿಸಿಲು ಮಳೆಗೆ ನಿಂತಿದ್ದ ಕಾರಿಗೆ ನಾನು ಪೂರ್ತಿ ಬೆಲೆ ಕೊಟ್ಟಿದ್ದೆ. ವರ್ಷ ತುಂಬುವ ಮೊದಲೇ ಬ್ಯಾಟರಿ ಹೋಯಿತು. ಅದೇ ಕೆಲಸದಲ್ಲಿದ್ದವನಾಗಿಯೂ ಆ ದಿನದ ಸಡಗರದಲ್ಲಿ ನಾನು ನೋಡಲೇ ಇಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ.

ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕಾರು ರಿಜಿಸ್ಟರ್ ಆಗುವ ಮೊದಲೇ ಹೋಗಿ ನೋಡಿ, ಹಗಲು ಬೆಳಕಿನಲ್ಲಿ. ರಿಜಿಸ್ಟರ್ ಆದ ಮೇಲೆ ಬದಲಿಸಿಕೊಡಿ ಎಂದರೆ ಕೇಳುವವರಿಲ್ಲ. ಚಾಸಿಸ್ ನಂಬರ್ ಬರೆದುಕೊಂಡು, ತಯಾರಾದ ತಿಂಗಳು ಯಾವುದು ಎಂದು ಬಾಯಿ ಬಿಟ್ಟು ಕೇಳಿ. ಫಾರ್ಮ್ 21 ಎಂಬ ಮಾರಾಟ ಪತ್ರದಲ್ಲಿ ತಿಂಗಳು, ವರ್ಷ ಎರಡೂ ಇರುತ್ತದೆ. ಟೈರಿನ ಪಕ್ಕದಲ್ಲೂ ನಾಲ್ಕು ಅಂಕಿ ಇರುತ್ತದೆ. 3225 ಎಂದಿದ್ದರೆ 2025ರ 32ನೇ ವಾರದ ಟೈರು. ಐದೂ ಟೈರು ನೋಡಿ, ಸ್ಟೆಪ್ನಿ ಬಿಡಬೇಡಿ. ಕಿ.ಮೀ. ಮೀಟರ್ ಎಷ್ಟಾಗಿದೆ, ಬಣ್ಣದಲ್ಲಿ ವ್ಯತ್ಯಾಸ ಇದೆಯಾ, ಎಲ್ಲ ಗಾಜಿನ ಮೇಲೂ ಒಂದೇ ಗುರುತು ಇದೆಯಾ, ಎಸಿ ತಣ್ಣಗಾಗುತ್ತದಾ, ನಾಲ್ಕೂ ಕಿಟಕಿ ಇಳಿಯುತ್ತದಾ ನೋಡಿ. ಎಲ್ಲ ಸೀಟ್ ಬೆಲ್ಟ್ ಎಳೆದು ಬಿಟ್ಟು ನೋಡಿ. ಈ ಕೆಲಸಕ್ಕೆ ನಿಮ್ಮ ತಮ್ಮನನ್ನು ಕರೆದುಕೊಂಡು ಹೋಗಿ. ಸಿಎನ್‌ಜಿ ಬೇಡ ಅಂದಿದ್ದಕ್ಕೆ ಅವರಿಗೆ ಬೇಸರವಾಗಿದ್ದರೆ ಇದರಿಂದ ಹೋಗುತ್ತದೆ.

ಪಂಚ್, ಡಿಸೈರ್ ಎರಡಕ್ಕೂ ತಲಾ ಎರಡು ಕಡೆ ಕೊಟೇಶನ್ ತಗೊಳ್ಳಿ. ಎಕ್ಸ್ ಶೋರೂಮ್, ಟ್ಯಾಕ್ಸ್, ಇನ್ಶೂರೆನ್ಸ್, ಆಕ್ಸೆಸರಿ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಬರೆದು ಕೊಡಲು ಹೇಳಿ. ಅಮ್ಮ ಕೂತು ನೋಡಿದ ಮೇಲೆ ಅವರಿಗೆ ಯಾವುದು ಹಿತವಾಯಿತು ಎಂಬುದನ್ನೂ ಜೊತೆಗೆ ಬರೆದು ಕಳಿಸಿ. ಸಾಲು ಸಾಲಾಗಿ ನೋಡಿ, ಎಲ್ಲಿ ಇನ್ನೂ ಇಳಿಸಬಹುದು ಎಂದು ತಿಳಿಸುತ್ತೇನೆ.